ಎರಡು ಬೆರಳಗಲದ ಪಟ್ಟಿ

ಜೂನ್ 3

ಅತ್ತಿಗೆಗೆ ನಮಸ್ಕಾರ.

ಫೋನ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾಳಲ್ಲ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡಿ. ಫೋನಿನಲ್ಲಿ ಮಾತಾಡಿದರೆ ನಿಮ್ಮ ಪಕ್ಕದಲ್ಲಿ ಅಣ್ಣ ಇರುತ್ತಾನೆ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಅವನ ವರ್ಕ್‌ಶಾಪಿನ ಲೇತ್ ಮೆಷಿನ್‌ಗಳಿಗೂ ಗೊತ್ತಾಗಿರುತ್ತದೆ. ಅಲ್ಲದೆ ಈಚೆಗೆ ನನಗೆ ಯಾವುದೇ ಮಾತು ಬರವಣಿಗೆಯಲ್ಲಿದ್ದರೆ ಮಾತ್ರ ಸಮಾಧಾನ.

ಬಟ್ಟೆಗೆ ವಿನ್ಯಾಸ ಬರೆಯುವ ಆ ಕೆಲಸ ಬಿಟ್ಟೆ. ಹೋದ ತಿಂಗಳು ಹಲ್ಲುನೋವೆಂದು ಡಾಕ್ಟರ ಹತ್ತಿರ ಹೋಗಿದ್ದೆ. ಸೋಫಾದ ಮೇಲೆ ಕೂತು ಹತ್ತು ನಿಮಿಷವಾದ ಮೇಲೆ ನೋಡುತ್ತೇನೆ, ನಾನು ಕೂತಿರುವುದು ನನ್ನದೇ ಎಲೆಗಳ ಮೇಲೆ, ಸೋಫಾದ ಬಟ್ಟೆಯ ತುಂಬ ಅವೇ ಅಚ್ಚು. ಎರಡು ವರ್ಷದ ಹಿಂದೆ ನಾನು ಬರೆದು ತೋರಿಸಿದಾಗ ನಮ್ಮ ಬಾಸು "ಇದು ಓಡಲ್ಲಮ್ಮ, ನೀನೇ ಇಟ್ಕೋ" ಎಂದು ಹಿಂದಕ್ಕೆ ಕೊಟ್ಟಿದ್ದ ವಿನ್ಯಾಸ. ಹೋಗಿ ಕೇಳಿದ್ದಕ್ಕೆ "ಎಲೆ ಅಂದ್ಮೇಲೆ ಎಲೆ ಥರಾನೇ ಇರುತ್ತೆ. ಎಲೆಗೆಲ್ಲ ನೀನೇನು ಹೆತ್ತಮ್ಮನಾ?" ಎಂದರು. ಮರುದಿನದಿಂದ ನಾನು ಆ ಕಡೆ ತಲೆಹಾಕಿಲ್ಲ. ಹಲ್ಲುನೋವು ಮಾತ್ರ ಹಾಗೇ ಇದೆ.

ಈಗ ಮುಖ್ಯ ವಿಷಯ. ನಮ್ಮೂರಿನಲ್ಲಿ ಪರದೆ, ಹಾಸಿಗೆ ಹೊದಿಕೆ ಮಾಡುವ ದೊಡ್ಡ ಕಂಪನಿಯ ಸ್ಟುಡಿಯೊದಲ್ಲಿ ಒಬ್ಬ ಡಿಸೈನರ್ ಬೇಕಂತೆ. ಒಬ್ಬರೇ. ಆಗಸ್ಟ್ 4ಕ್ಕೆ ಸಂದರ್ಶನ. ಹತ್ತು ವಿನ್ಯಾಸಗಳ ಪೋರ್ಟ್‌ಫೋಲಿಯೊ ತರಬೇಕು, ಅದರಲ್ಲಿ ಒಂದಾದರೂ ನಿಜವಾದ ಬಟ್ಟೆಯ ಮೇಲೆ ಅಚ್ಚಾಗಿರಬೇಕು. ಹಾಳೆಗಳು ನನ್ನ ಹತ್ತಿರ ಇವೆ. ಬಟ್ಟೆಗೆ ನೀವೇ ಗತಿ. ನಿಮ್ಮ ಮಿಲ್ಲಿನ ಸ್ಯಾಂಪಲ್ ಕೋಣೆಯಲ್ಲಿ ಎರಡು ಮೀಟರ್ ಅಚ್ಚು ಹಾಕಿಸಿಕೊಡಲು ಆಗುತ್ತದೆಯೇ? ಇದು ತಪ್ಪಿದರೆ ನನಗೆ ಮತ್ತೆ ಆ ಹಳೆಯ ಫೋಟೊಕಾಪಿ ಅಂಗಡಿಯ ಕೆಲಸವೇ ಗಟ್ಟಿ. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಇನ್ನೊಬ್ಬರ ಕಾಗದದ ನಕಲು ತೆಗೆದುಕೊಂಡು ನಿಲ್ಲಲು ನನ್ನಿಂದ ಆಗುವುದಿಲ್ಲ.

ಒಂದೇ ಷರತ್ತು. ನನ್ನ ಹಾಳೆಯನ್ನು ಯಾರಿಗೂ ತೋರಿಸಬಾರದು. ಯಾರಿಗೂ ಅಂದರೆ ಯಾರಿಗೂ.

ನಿಮ್ಮ ನಾದಿನಿ,
ಗೀಚಿ


ಜೂನ್ 9

ಗೀಚಿ,

ಗೋಡೆ ತುಂಬ ಗೀಚುತ್ತಿದ್ದವಳಿಗೆ ನಿಮ್ಮಣ್ಣ ಇಟ್ಟ ಹೆಸರನ್ನೇ ಸಹಿ ಮಾಡಿದ್ದೀಯ, ಆದ್ದರಿಂದ ಸಿಟ್ಟು ನನ್ನ ಮೇಲಲ್ಲ ಎಂದುಕೊಂಡೆ. ಎಲೆಗಳ ವಿಷಯ ಓದಿ ಹೊಟ್ಟೆ ಉರಿಯಿತು. ಹಲ್ಲು ಮೊದಲು ತೋರಿಸಿಕೋ, ಸೋಫಾ ನೋಡದೆ ನಿಂತಾದರೂ ಕಾಯಿ.

ಬಟ್ಟೆ ಹಾಕಿಸಿಕೊಡುತ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಸ್ಯಾಂಪಲ್ ಮೇಜು ಖಾಲಿ ಇರುತ್ತದೆ, ಮೇಸ್ತ್ರಿ ನನ್ನ ಮಾತು ತೆಗೆದುಹಾಕುವವರಲ್ಲ. ಆದರೆ ಯಾರಿಗೂ ತೋರಿಸಬಾರದು ಎಂದರೆ ಹೇಗೆ ಮಾರಾಯ್ತಿ? ಅಚ್ಚು ಒತ್ತುವ ಸ್ಕ್ರೀನ್ ಮಾಡುವವರು ಕಣ್ಣು ಕಟ್ಟಿಕೊಂಡು ಮಾಡಲು ಬರುವುದಿಲ್ಲ. ನಮ್ಮ ಕೋಣೆಗೆ ಫೋನ್ ತರುವ ಹಾಗಿಲ್ಲ, ಬಾಗಿಲಲ್ಲೇ ಕಸಿದಿಡುತ್ತಾರೆ. ಅಷ್ಟು ಭದ್ರ ಸಾಲದೇ?

ಒಂದು ಹಾಳೆ ಕಳಿಸಬೇಡ, ಮೂರು ಕಳಿಸು. ಯಾವುದು ಬಟ್ಟೆಯ ಮೇಲೆ ಚೆನ್ನಾಗಿ ಕೂರುತ್ತದೆ ಎಂದು ನಾನು ನೋಡಿ ಆರಿಸುತ್ತೇನೆ. ಕಳಿಸುವ ಮೊದಲು ಅಂಚುಗಳನ್ನು ಸರಿಯಾಗಿ ನೋಡಿಕೋ. ಸ್ಕ್ರೀನು ಅದೇ ಚಿತ್ರವನ್ನು ಮತ್ತೆ ಮತ್ತೆ ಒತ್ತಿಕೊಂಡು ಹೋಗುವುದರಿಂದ ಹಾಳೆಯ ಬಲ ಅಂಚು ಮುಂದಿನದರ ಎಡ ಅಂಚಿಗೆ ಕೂಡಲೇಬೇಕು. ಸೇರಿಕೆ ಕೂದಲಷ್ಟು ತಪ್ಪಿದರೂ ಬಟ್ಟೆಯ ಉದ್ದಕ್ಕೂ ಮೊಳಕ್ಕೊಂದು ಗಾಯ ಕಾಣುತ್ತದೆ. ಇಲ್ಲಿಗೆ ಬರುವ ಹತ್ತು ಹಾಳೆಯಲ್ಲಿ ಆರಕ್ಕೆ ಇದೇ ರೋಗ. ಪೋರ್ಟ್‌ಫೋಲಿಯೊ ಜೋಡಿಸುವಾಗ ಮೊದಲನೆಯದೂ ಕೊನೆಯದೂ ಗಟ್ಟಿಯಾಗಿರಲಿ, ಅನುಮಾನ ಇರುವುದನ್ನು ನಡುವೆ ತೂರಿಸು. ನೋಡುವವರು ನಡುವೆ ಚಹಾ ಕುಡಿಯುತ್ತಿರುತ್ತಾರೆ.

ಅತ್ತಿಗೆ


ಜೂನ್ 14

ಅತ್ತಿಗೆ,

ಒಪ್ಪಿಕೊಂಡದ್ದಕ್ಕೆ ಏನು ಹೇಳಲಿ, ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮೂರು ಕೇಳಿದ್ದೀರಿ, ಒಂದೇ ಕಳಿಸುತ್ತಿದ್ದೇನೆ. ತಪ್ಪು ತಿಳಿಯಬೇಡಿ. ಆರಿಸುವ ಕಷ್ಟ ನಿಮಗೇಕೆ ಎಂದು. ಇದು ಬಟ್ಟೆ ಒಣಹಾಕುವ ಹಗ್ಗ, ಮೇಲೆ ಗುಬ್ಬಿಗಳು, ನಡುನಡುವೆ ಕ್ಲಿಪ್ಪುಗಳು. ನಮ್ಮ ಹಿಂದಿನ ಮನೆಯ ಮಹಡಿಯಲ್ಲಿ ಕೂತು ಬರೆದದ್ದು. ಹನ್ನೊಂದು ಗುಬ್ಬಿಗಳಲ್ಲಿ ಯಾವೆರಡೂ ಒಂದೇ ತರಹ ಕೂತಿಲ್ಲ. ನನ್ನ ಹತ್ತರಲ್ಲಿ ಇದೇ ಜೀವ.

ಸದ್ಯಕ್ಕೆ ಇದನ್ನು ಬಣ್ಣ ಹೊಂದಿಸಿ ನೋಡಲು ಮಾತ್ರ ಇಟ್ಟುಕೊಳ್ಳಿ. ಸ್ಕ್ರೀನ್ ಮಾಡುವ ದಿನ ಗೊತ್ತಾದ ಕೂಡಲೇ ನನಗೆ ತಿಳಿಸಿ, ನಾನೇ ಬರುತ್ತೇನೆ. ನನಗೆ ತಿಳಿಸದೆ ಸ್ಕ್ರೀನ್ ಮಾಡಬೇಡಿ. ಇದೊಂದು ಮಾತು ನಡೆಸಿಕೊಡಿ. ಹಾಳೆ ತಲುಪಿದ ದಿನವೇ ಎರಡು ಸಾಲು ಬರೆಯಿರಿ.

ಗೀಚಿ


ಜೂನ್ 29

ಗೀಚಿ,

ಹಾಳೆ ಹದಿನೆಂಟಕ್ಕೇ ಬಂತು. ಬರೆಯಲು ತಡವಾಯಿತು. ಗುಬ್ಬಿಗಳು ಬಹಳ ಚೆನ್ನಾಗಿವೆ. ಬೆನ್ನು ಕೆರೆದುಕೊಳ್ಳುತ್ತಿರುವುದು ಥೇಟ್ ನಿಮ್ಮಣ್ಣ.

ಒಂದು ಕೇಳಬೇಕಿತ್ತು. ಈ ಹಾಳೆಯನ್ನು ನೀನು ಬೇರೆ ಯಾರಿಗಾದರೂ ತೋರಿಸಿದ್ದೀಯಾ? ಪಕ್ಕಪಕ್ಕ ಇಟ್ಟು ಯಾರಾದರೂ ನೋಡಿದ್ದಾರಾ? ಅಥವಾ ಇದನ್ನು ನೋಡಿರುವವರು ನಾವಿಬ್ಬರೇನಾ? ಇಬ್ಬರೇ ಆದರೆ ಒಳ್ಳೆಯದು.

ಸ್ವಲ್ಪ ದಿನ ನನ್ನ ಹತ್ತಿರವೇ ಇರಲಿ. ಮಿಲ್ಲಿನಲ್ಲಿ ಬಿಡದೆ ಮನೆಗೆ ತಂದಿಟ್ಟುಕೊಂಡಿದ್ದೇನೆ.

ಅತ್ತಿಗೆ


ಜುಲೈ 3

ಅತ್ತಿಗೆಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ನೋಡಿರುವವರು ನಾವಿಬ್ಬರೇ ಆದರೆ ಒಳ್ಳೆಯದು ಎಂದಿದ್ದೀರಿ. ಯಾರಿಗೆ ಒಳ್ಳೆಯದು?

ನಿನ್ನೆ ಅಣ್ಣ ಫೋನ್ ಮಾಡಿದ್ದ. ನಾನು ಏನೂ ಕೇಳಲಿಲ್ಲ, ಅವನೇ ಶುರು ಮಾಡಿದ. "ನಿನ್ನ ಗುಬ್ಬಿ ಹಾಳೆ ಊಟದ ಮೇಜಿನ ಮೇಲೇ ಇದೆ ಕಣೆ. ನಿನ್ನತ್ತಿಗೆ ಬೆಳಿಗ್ಗೆ ಎದ್ದು ಅದರ ಮೇಲೆ ಟ್ರೇಸಿಂಗ್ ಕಾಗದ ಹಾಸ್ಕೊಂಡು ಕೂತುಬಿಡ್ತಾಳೆ. ನಾನು ಹೋದ್ರೆ ಮುಚ್ಚಿಡ್ತಾಳೆ. ನಂಗೆ ಎರಡು ವಾರದಿಂದ ಸೋಫಾ ಮೇಲೇ ಊಟ" ಎಂದ. ನಾನು ನಕ್ಕಂತೆ ಮಾಡಿದೆ. ಫೋನ್ ಇಟ್ಟ ಮೇಲೆ ನಿಮ್ಮ ಕಾಗದಗಳನ್ನೆಲ್ಲ ತೆಗೆದು ಹರಡಿಕೊಂಡೆ.

ಬಣ್ಣ ನೋಡಲು ಟ್ರೇಸಿಂಗ್ ಕಾಗದ ಬೇಕಾಗುವುದಿಲ್ಲ. ಇಷ್ಟು ನನಗೂ ಗೊತ್ತು, ನಿಮಗೂ ಗೊತ್ತು. ಮೊದಲು ಮೂರು ಹಾಳೆ ಕೇಳಿದಿರಿ. ಹನ್ನೊಂದು ದಿನ ಸುದ್ದಿಯಿಲ್ಲ. ಬರೆದದ್ದರಲ್ಲೂ ಬಣ್ಣದ ಬಗ್ಗೆ ಒಂದಕ್ಷರ ಇಲ್ಲ. ಇದನ್ನೆಲ್ಲ ಒಂದರ ಪಕ್ಕ ಒಂದು ಇಟ್ಟರೆ ನನಗೆ ಏನು ಕಾಣಬೇಕು, ನೀವೇ ಹೇಳಿ. ನಿಮ್ಮನ್ನು ಹೀಗೆ ಕೇಳಲು ನಾಚಿಕೆಯಾಗುತ್ತದೆ. ಆದರೆ ಹಳೆಯ ಬಾಸನ್ನು ಏನೂ ಕೇಳದೆ ನಂಬಿಕೊಂಡೇ ನಾನು ಎರಡು ವರ್ಷ ಕಳೆದದ್ದು.

ದಯವಿಟ್ಟು ಹಾಳೆಯನ್ನೂ ಅದರ ಮೇಲೆ ಬರೆದ ಟ್ರೇಸಿಂಗನ್ನೂ ಈ ವಾರವೇ ಕಳಿಸಿಕೊಡಿ.

ಗೀಚಿ


ಜುಲೈ 8

ಗೀಚಿ,

ಈ ಕಾಗದ ಬಟ್ಟೆಯ ಮಡಿಕೆಯೊಳಗೆ ಸಿಗುತ್ತದೆ. ಎರಡೂವರೆ ಮೀಟರ್ ಇದೆ, ನಿನ್ನ ಹಾಳೆಯೂ ಜೊತೆಗಿದೆ. ಶನಿವಾರ ಅಚ್ಚು ಹಾಕಿದೆವು. ನಿನಗೆ ತಿಳಿಸಲು ಆಗಲಿಲ್ಲ, ಮುಂದಿನ ಆರು ವಾರ ಮೇಜು ಖಾಲಿಯಿಲ್ಲ ಎಂದು ಮೇಸ್ತ್ರಿ ಶುಕ್ರವಾರ ಸಂಜೆ ಹೇಳಿದರು. ಕಾದಿದ್ದರೆ ನಿನ್ನ ಸಂದರ್ಶನವೇ ದಾಟಿಹೋಗುತ್ತಿತ್ತು.

ಟ್ರೇಸಿಂಗ್ ಬಗ್ಗೆ ಕೇಳಬೇಡ. ಸಂದರ್ಶನ ಮುಗಿಯಲಿ, ಆಮೇಲೆ ಹೇಳುತ್ತೇನೆ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿಲ್ಲ. ಬಟ್ಟೆ ಗೋಡೆಗೆ ತೂಗುಹಾಕಿ ದೂರ ನಿಂತು ನೋಡು, ಖುಷಿಯಾಗುತ್ತೀಯ.

ನನ್ನನ್ನು ನಿನ್ನ ಬಾಸಿನ ಸಾಲಿನಲ್ಲಿ ಕೂರಿಸಿದ್ದನ್ನು ನಿಮ್ಮಣ್ಣನಿಗೆ ಹೇಳಿಲ್ಲ.

ಅತ್ತಿಗೆ


ಜುಲೈ 12

ಅತ್ತಿಗೆ,

ಬಟ್ಟೆ ತೂಗುಹಾಕಿ ದೂರ ನಿಂತು ನೋಡಿದೆ. ನೋಡಿ ನೆಲದ ಮೇಲೆ ಕೂತುಬಿಟ್ಟೆ.

ಈಗ ನಾನೊಂದು ಹೇಳುತ್ತೇನೆ, ಕೇಳಿ. ನಿಮಗೆ ಕಳಿಸಿದ ಹಾಳೆ ಪೂರ್ತಿ ಇರಲಿಲ್ಲ. ಬಲ ಅಂಚಿನಿಂದ ಎರಡು ಬೆರಳಗಲದ ಪಟ್ಟಿಯನ್ನು ನಾನೇ ಕತ್ತರಿಸಿ ತೆಗೆದಿದ್ದೆ. ಆ ಪಟ್ಟಿ ಇಲ್ಲದೆ ಯಾರು ಅಚ್ಚು ಹಾಕಿದರೂ ಹಗ್ಗ ಮೊಳಕ್ಕೊಮ್ಮೆ ಕಡಿದುಹೋಗಬೇಕು. ನೀವು ದಿನ ತಿಳಿಸಿದ್ದರೆ ಪಟ್ಟಿ ಹಿಡಿದು ನಾನೇ ಬರುವವಳಿದ್ದೆ. ಕದ್ದವರಿಗೆ ಕದ್ದದ್ದು ದಕ್ಕಬಾರದು ಎಂದು ಮಾಡಿದ ಉಪಾಯ ಅದು. ನಿಮ್ಮ ಮೇಲಿನ ಸಂಶಯಕ್ಕಲ್ಲ, ನಿಮ್ಮ ಮಿಲ್ಲಿನವರಿಗಾಗಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಪಟ್ಟಿ ನನ್ನ ಮೇಜಿನ ಡ್ರಾಯರಿನಲ್ಲೇ ಇದೆ. ಈಗಷ್ಟೇ ತೆಗೆದು ನೋಡಿದೆ. ಆದರೆ ನಿಮ್ಮ ಬಟ್ಟೆಯಲ್ಲಿ ಹಗ್ಗ ಎಲ್ಲೂ ಕಡಿದಿಲ್ಲ. ನನ್ನ ಪಟ್ಟಿಯಲ್ಲಿ ಹಗ್ಗ ನೇರ ಹೋಗುತ್ತದೆ, ಬಟ್ಟೆಯಲ್ಲಿ ಅದು ಸ್ವಲ್ಪ ಜೋತು ಬಿದ್ದಿದೆ. ಅಲ್ಲಿ ಹನ್ನೆರಡನೆಯ ಗುಬ್ಬಿಯೊಂದು ಕತ್ತು ಹಿಂದಕ್ಕೆ ತಿರುಗಿಸಿ ಕೂತಿದೆ. ಆ ಗುಬ್ಬಿ ನನ್ನದಲ್ಲ.

ಅಂದರೆ ನಿಮ್ಮಲ್ಲಿ ಯಾರೋ ಡಿಸೈನರ್ ನನ್ನ ಹಾಳೆ ಹಿಡಿದು ಕೂತು, ಇಲ್ಲದ ಭಾಗವನ್ನು ತುಂಬಿ, ಪೂರ್ತಿ ವಿನ್ಯಾಸವನ್ನೇ ತಮ್ಮ ಕೈಗೆ ತೆಗೆದುಕೊಂಡಿದ್ದಾರೆ. ಅಷ್ಟು ಕೈಚಳಕ ಇರುವವರು ಎರಡೂವರೆ ಮೀಟರಿಗೆ ನಿಲ್ಲಿಸುತ್ತಾರೆಯೇ? ಯಾರಿಗೆ ಕೊಟ್ಟಿರಿ? ಹೆಸರು ಬೇಕು.

ಗೀಚಿ


ಜುಲೈ 17

ಗೀಚಿ,

ನನಗೇ ಕೊಟ್ಟೆ. ಆ ಗುಬ್ಬಿ ನನ್ನದು.

ನಾನು ಮಿಲ್ಲಿನಲ್ಲಿ ಏನು ಮಾಡುತ್ತೇನೆ ಎಂದು ನೀನು ಯಾವತ್ತಾದರೂ ಕೇಳಿದ್ದೀಯಾ? ಬಣ್ಣ ಕಲಸುತ್ತೇನೆ ಎಂದುಕೊಂಡಿದ್ದೀಯ, ನಿಮ್ಮಣ್ಣನೂ ಹಾಗೇ ಅಂದುಕೊಂಡಿದ್ದಾರೆ. ಕಾಗದದಲ್ಲಿ ನನ್ನ ಹುದ್ದೆ ಸ್ಯಾಂಪಲ್ ಸಹಾಯಕಿ. ಹದಿಮೂರು ವರ್ಷದಿಂದ ನಾನು ಮಾಡುತ್ತಿರುವುದು ಸೇರಿಕೆ ತಿದ್ದುವ ಕೆಲಸ. ದೊಡ್ಡ ದೊಡ್ಡ ಡಿಸೈನರುಗಳು ಅಂಚು ಕೂಡಿಸಲು ಬಾರದೆ ಕಳಿಸಿದ್ದನ್ನು ನಾನು ಕೂಡಿಸುತ್ತೇನೆ. ಬಟ್ಟೆ ಅಂಗಡಿಗೆ ಹೋಗುವಾಗ ಅವರ ಹೆಸರಿನಲ್ಲಿ ಹೋಗುತ್ತದೆ. ಅದರ ಬಗ್ಗೆ ನನಗೆ ತಕರಾರಿರಲಿಲ್ಲ, ಅಥವಾ ಇಲ್ಲ ಎಂದುಕೊಂಡಿದ್ದೆ.

ನಿನ್ನ ಹಾಳೆಯ ಬಲ ಅಂಚು ನೋಡಿ ಅದನ್ನು ಯಾರೂ ಕಾಣದ ಹಾಗೆ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಇಷ್ಟು ಚೆಂದ ಗುಬ್ಬಿ ಬರೆಯುವ ಹುಡುಗಿಗೆ ಹಗ್ಗ ಸೇರಿಸಲು ಬರುವುದಿಲ್ಲವಲ್ಲ, ಈ ಹಾಳೆ ಹಿಡಿದು ಹೋದರೆ ಐದು ನಿಮಿಷದಲ್ಲಿ ಹೊರಗೆ ಕಳಿಸುತ್ತಾರಲ್ಲ ಎಂದು. ಬರೆದು ತಿಳಿಸಲೇ ಎಂದು ಹತ್ತು ದಿನ ಒದ್ದಾಡಿದೆ. ಮೊದಲೇ ಬಾಸಿನಿಂದ ಪೆಟ್ಟು ತಿಂದವಳು, ನಾನೂ ಒಂದು ಮಾತು ಅಂದರೆ ಕುಗ್ಗಿಹೋಗುತ್ತಾಳೆ ಎನಿಸಿತು. ಅದಕ್ಕೇ ಬೇರೆ ಯಾರಾದರೂ ನೋಡಿದ್ದಾರಾ ಎಂದು ಕೇಳಿದ್ದು. ಬೆಳಿಗ್ಗೆ ಬೇಗ ಎದ್ದು ಆರು ಸಲ ತಿದ್ದಿದ್ದು. ಸೇರಿಕೆಯನ್ನು ಮುಚ್ಚಬೇಕಾದರೆ ಸೇರಿಕೆಯ ಮೇಲೆ ಏನೂ ಇಡಬಾರದು, ಪಕ್ಕದಲ್ಲಿ ಇಡಬೇಕು. ಕಣ್ಣು ಅಲ್ಲಿಗೆ ಹೋಗುತ್ತದೆ. ಆ ಕತ್ತು ತಿರುಗಿಸಿದ ಗುಬ್ಬಿ ಅದಕ್ಕೇ ಬಂದದ್ದು.

ನಾನು ನಿನಗಾಗಿ ಮರುಗುತ್ತಿದ್ದಾಗ ನೀನು ನನಗೆ ಬೋನು ಇಟ್ಟು ಕೂತಿದ್ದೆ. ಬಹಳ ನೋವಾಗಿದೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಸ್ಕ್ರೀನ್ ತೊಳೆದಾಗಿದೆ, ಮತ್ತೆ ಹಾಕಲು ಸಮಯವಿಲ್ಲ. ಬಟ್ಟೆ ತೋರಿಸು. ಆದರೆ ಈಗ ನನ್ನದೂ ಒಂದು ಷರತ್ತು. ಸೇರಿಕೆ ಯಾರು ಮಾಡಿದ್ದು ಎಂದು ಅವರು ಕೇಳಿದರೆ ನಮ್ಮ ಅತ್ತಿಗೆ ಎಂದು ಹೇಳು. ಹೇಳಲು ಆಗದಿದ್ದರೆ ಬಟ್ಟೆ ಬಿಚ್ಚಬೇಡ.

ಅತ್ತಿಗೆ


ಆಗಸ್ಟ್ 5

ಅತ್ತಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತು ಎದ್ದಿದ್ದೇನೆ. ಕ್ಷಮಿಸಿ ಎಂದರೆ ಸಾಲದು, ಆದರೂ ಕ್ಷಮಿಸಿ. ನಿಮ್ಮ ಕೆಲಸ ಏನೆಂದು ಇಷ್ಟು ವರ್ಷ ಕೇಳದೆ ಇದ್ದದ್ದಕ್ಕೂ ಸೇರಿಸಿ.

ಸಿಹಿ ಸುದ್ದಿ ಇದೆ. ನನ್ನನ್ನು ಆರಿಸಿದರು. ಹನ್ನೆರಡು ಜನ ಬಂದಿದ್ದರು. ಸ್ಟುಡಿಯೊದ ಮುಖ್ಯಸ್ಥೆ ಅಳತೆ ಟೇಪನ್ನು ಸರದ ಹಾಗೆ ಕುತ್ತಿಗೆಗೆ ಹಾಕಿಕೊಂಡೇ ಇರುತ್ತಾರೆ, ನಾನು ಮನಸ್ಸಿನಲ್ಲೇ ಟೇಪಮ್ಮ ಎಂದು ಹೆಸರಿಟ್ಟೆ. ಹೂವಿನ ಹಾಳೆಗಳನ್ನು ಬೇಗ ಬೇಗ ತಿರುಗಿಸಿದರು. ನೀವು ಹೇಳಿದ ಹಾಗೆ ನಡುವೆ ಚಹಾ ಬಂತು. ಬಟ್ಟೆ ಬಿಚ್ಚಿದಾಗ ಎದ್ದು ನಿಂತರು. ಬಹಳ ಮೆಚ್ಚಿದರು. ಆಗಸ್ಟ್ 24ರಿಂದ ಕೆಲಸಕ್ಕೆ ಬರಲು ಹೇಳಿದ್ದಾರೆ.

ಅಣ್ಣನಿಗೆ ನೀವೇ ತಿಳಿಸಿ. ನಿಮ್ಮ ಉಪಕಾರ ಮರೆಯುವುದಿಲ್ಲ.

ಗೀಚಿ


ಆಗಸ್ಟ್ 10

ಗೀಚಿ,

ಬಹಳ ಸಂತೋಷ. ನಿಮ್ಮಣ್ಣ ವರ್ಕ್‌ಶಾಪಿನಲ್ಲಿ ಸಿಹಿ ಹಂಚಿ ಬಂದರು.

ಬಟ್ಟೆ ನೋಡಿ ಎದ್ದು ನಿಂತ ಹೆಂಗಸು ಅದರ ಪಕ್ಕದಲ್ಲಿ ನಿನ್ನ ಹಾಳೆ ಇಟ್ಟು ನೋಡದೆ ಇರಲು ಸಾಧ್ಯವಿಲ್ಲ. ಪೋರ್ಟ್‌ಫೋಲಿಯೊದಲ್ಲಿ ಇರುವುದು ಪಟ್ಟಿಯನ್ನು ಮತ್ತೆ ಅಂಟಿಸಿದ ನಿನ್ನ ನೇರ ಹಗ್ಗದ ಹಾಳೆ ತಾನೇ? ಎರಡೂ ಬೇರೆ ಬೇರೆ ಇವೆ ಎಂದು ಅವರು ಕೇಳಿರಲೇಬೇಕು. ನೀನು ಏನು ಹೇಳಿದೆ?

ಅತ್ತಿಗೆ


ಆಗಸ್ಟ್ 23, ಭಾನುವಾರ

ಅತ್ತಿಗೆ,

ನೀವು ಮೂರು ಸಲ ಫೋನ್ ಮಾಡಿದಿರಿ. ಮೂರು ಸಲವೂ ಫೋನ್ ಕೈಯಲ್ಲೇ ಇತ್ತು. ಎತ್ತಲಿಲ್ಲ.

ಹೌದು, ಹಾಳೆಯನ್ನು ಬಟ್ಟೆಯ ಪಕ್ಕ ಇಟ್ಟರು. ಟೇಪಮ್ಮ ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ಸೇರಿಕೆ ಹುಡುಕಿದರು, ಸಿಗಲಿಲ್ಲ. ಆಮೇಲೆ ಹತ್ತಿರ ಬಂದು ಆ ಗುಬ್ಬಿಯ ಮೇಲೆ ಬೆರಳಿಟ್ಟರು. "ಕಾಗದದಲ್ಲಿ ಇದಿಲ್ಲ. ಬಟ್ಟೇಲಿ ಬಂದಿದೆ. ಇದು ಬಂದಮೇಲೇ ಡಿಸೈನ್ ಎದ್ದು ನಿಂತಿರೋದು. ಯಾವಾಗ ಸೇರಿಸಿದ್ರಿ?" ಎಂದರು. ಅತ್ತಿಗೆ ಎಂಬ ಪದ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. "ಅಚ್ಚಿಗೆ ಹಾಕುವಾಗ ತಿದ್ದಿದೆ" ಎಂದೆ. ಬಾಸು ನನಗೆ ಮಾಡಿದ್ದನ್ನೇ ನಾನು ನಿಮಗೆ ಮಾಡಿದೆ. ಅವರಿಗಾದರೂ ಎಲೆಗಳಿಗೆ ಹೆತ್ತಮ್ಮ ಇರುತ್ತಾಳೆ ಎಂಬುದೇ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಹದಿನೆಂಟು ದಿನದಿಂದ ಅನ್ನ ಸೇರಿಲ್ಲ. ನಾಳೆ ಕೆಲಸಕ್ಕೆ ಸೇರಬೇಕು. ಸಹಿ ಹಾಕುವ ಮೊದಲೇ ಟೇಪಮ್ಮನಿಗೆ ಎಲ್ಲ ಹೇಳಿಬಿಡುತ್ತೇನೆ. ಕೆಲಸ ಹೋದರೆ ಹೋಗಲಿ. ಬೆಳಿಗ್ಗೆ ಧೈರ್ಯ ಕೈಕೊಡಬಾರದೆಂದು ಈ ಕಾಗದವನ್ನು ಈಗಲೇ ಡಬ್ಬಕ್ಕೆ ಹಾಕಿ ಬರುತ್ತೇನೆ. ನಿಮಗೆ ಬರೆದ ಮೇಲೆ ಹಿಂದೆ ಸರಿಯಲು ಆಗುವುದಿಲ್ಲ.

ಗೀಚಿ


ಆಗಸ್ಟ್ 25

ಗೀಚಿ,

ಹದಿನೈದು ದಿನ ಕಾದೆ. ನಾನು ಕೇಳಿದ್ದು ಒಂದೇ ಪ್ರಶ್ನೆ. ನನ್ನ ಹೆಸರು ಹೇಳಿದ್ದರೆ ನೀನು ಮರುದಿನವೇ ಬರೆಯುತ್ತಿದ್ದೆ, ನಿನ್ನನ್ನು ನಾನು ಬಲ್ಲೆ. ಫೋನ್ ಎತ್ತಲಿಲ್ಲ. ನಿಮ್ಮಣ್ಣ ಮಾಡಿದರೆ ಮಾತ್ರ ಎತ್ತಿ ಹವಾಮಾನದ ಬಗ್ಗೆ ಮಾತಾಡಿದೆಯಂತೆ. ನಿನ್ನೆ ಕೆಲಸಕ್ಕೂ ಸೇರಿದ್ದೀಯ ಎಂದು ಅವರಿಂದ ಗೊತ್ತಾಯಿತು. ಅಂದರೆ ಹೇಳದೆಯೇ ಸೇರಿದೆ.

ಹದಿಮೂರು ವರ್ಷ ಯಾರ ಯಾರದೋ ಹೆಸರಿನಲ್ಲಿ ನನ್ನ ಕೆಲಸ ಹೋಗಿದೆ, ತುಟಿ ಬಿಚ್ಚಿಲ್ಲ. ಅವರು ಹೊರಗಿನವರು. ನೀನು ಹೀಗೆ ಮಾಡಿದ್ದನ್ನು ನುಂಗಿಕೊಳ್ಳಲು ನನಗೆ ಆಗುತ್ತಿಲ್ಲ. ಹಗ್ಗದ ಸೇರಿಕೆ ಮತ್ತು ಹನ್ನೆರಡನೆಯ ಗುಬ್ಬಿ ನನ್ನ ಕೆಲಸ ಎಂದು ನಿನ್ನ ಕಂಪನಿಗೆ ಬರೆದು, ಟ್ರೇಸಿಂಗ್ ಹಾಳೆಗಳನ್ನೂ ಇಟ್ಟು, ಇವತ್ತು ಮಧ್ಯಾಹ್ನ ಅಂಚೆಗೆ ಹಾಕಿದ್ದೇನೆ. ಬೆನ್ನ ಹಿಂದೆ ಮಾಡಿದಳು ಎನ್ನಬೇಡ, ಅದಕ್ಕೇ ತಿಳಿಸುತ್ತಿದ್ದೇನೆ.

ಅತ್ತಿಗೆ


ಸೆಪ್ಟೆಂಬರ್ 2

ಅತ್ತಿಗೆಗೆ,

ನಾನು ಹೇಳಿದ್ದೆ. ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಸಹಿಗೆ ಮೊದಲು. ಟೇಪಮ್ಮ ಕೇಳಿ ಟೇಪನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಬಾಗಿಲು ಮುಚ್ಚಿ ಬಂದರು. "ಮೊದಲೇ ಹೇಳಬೇಕಿತ್ತು. ಆದ್ರೆ ಹೇಳಿದೆಯಲ್ಲ. ಮಿಕ್ಕಿದ ಹನ್ನೊಂದು ಗುಬ್ಬಿ ನಿಂದು ತಾನೇ? ಸಾಕು. ಕೂತ್ಕೊಂಡು ಕೆಲಸ ಮಾಡು, ಇದು ನಮ್ಮಿಬ್ಬರಲ್ಲೇ ಇರಲಿ" ಎಂದರು. ನಾನು ಬಚ್ಚಲಿಗೆ ಹೋಗಿ ಅತ್ತೆ. ಸೋಮವಾರದಿಂದ ಗುರುವಾರದವರೆಗೆ ಕೆಲಸ ಮಾಡಿದೆ. ಕಿಟಕಿಯ ಪಕ್ಕದ ಮೇಜು. ಅಷ್ಟು ಒಳ್ಳೆಯ ಬೆಳಕಿನಲ್ಲಿ ನಾನು ಯಾವತ್ತೂ ಕೂತಿರಲಿಲ್ಲ.

ಶುಕ್ರವಾರ ನಿಮ್ಮ ಕಾಗದ ಬಂತು. ನೀವು ಕಂಪನಿಯ ಹೆಸರಿಗೆ ಬರೆದಿದ್ದಿರಿ, ಅದು ಟೇಪಮ್ಮನಿಗೆ ಹೋಗದೆ ನೇರ ಮಾಲೀಕರ ಮೇಜಿಗೆ ಹೋಯಿತು. ಕರೆಸಿದರು. ನಾನು ಸೋಮವಾರವೇ ಹೇಳಿದ್ದೇನೆ ಎಂದೆ. ಟೇಪಮ್ಮನೂ ಹೌದು ಎಂದರು. ಹೌದು ಎಂದದ್ದೇ ಅವರಿಗೆ ಮುಳುವಾಯಿತು. ಗೊತ್ತಿದ್ದೂ ಯಾಕೆ ಮುಚ್ಚಿಟ್ಟಿರಿ ಎಂದು ಮಾಲೀಕರು ನನ್ನೆದುರೇ ಬೈದರು. ದೂರು ಬರವಣಿಗೆಯಲ್ಲಿ ಬಂದಿದೆ, ಫೈಲಿಗೆ ಹೋಗಿದೆ, ಇನ್ನು ಏನೂ ಮಾಡಲು ಬರುವುದಿಲ್ಲ ಎಂದರು. ನನ್ನ ಹತ್ತು ಹಾಳೆಗಳನ್ನು ಲಕೋಟೆಯಲ್ಲಿ ಹಾಕಿ ಕೈಗೆ ಕೊಟ್ಟರು.

ನಾನು ಮಾಡಿದ್ದು ತಪ್ಪು. ಎಷ್ಟು ಸಲ ಬೇಕಾದರೂ ಒಪ್ಪಿಕೊಳ್ಳುತ್ತೇನೆ. ಆದರೆ ಇನ್ನು ಎರಡು ದಿನ, ಅತ್ತಿಗೆ. ಎರಡೇ ದಿನ ನೀವು ಕಾಯಬಹುದಿತ್ತು. ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೆಂದರೆ ಇದನ್ನು ಬರೆಯುವಾಗ ಎರಡು ಕಡೆ ಕಾಗದ ಹರಿದಿದೆ.

ಫೋಟೊಕಾಪಿ ಅಂಗಡಿಯವರು ಸೋಮವಾರದಿಂದ ಬಾ ಎಂದಿದ್ದಾರೆ.


ಸೆಪ್ಟೆಂಬರ್ 9

ಗೀಚಿ,

ನಿನ್ನ ಭಾನುವಾರದ ಕಾಗದ ನನಗೆ ಸಿಕ್ಕಿದ್ದು 27ರ ಮಧ್ಯಾಹ್ನ. ಅರ್ಧ ಓದುವಷ್ಟರಲ್ಲೇ ಚಪ್ಪಲಿ ಮೆಟ್ಟಿ ಅಂಚೆ ಕಚೇರಿಗೆ ಓಡಿದೆ. ಕೌಂಟರಿನಲ್ಲಿದ್ದವರು "ಮೊನ್ನೆ ಹಾಕಿದ್ದು ಇವತ್ತು ಇಲ್ಲೇ ಕೂತಿರುತ್ತಾ ಅಮ್ಮ? ಊರು ಸೇರಿರುತ್ತೆ" ಎಂದರು. ಅಲ್ಲೇ ಬೆಂಚಿನ ಮೇಲೆ ಕೂತೆ. ನಿನಗೆ ಫೋನ್ ಮಾಡಲು ಮುಖವಿರಲಿಲ್ಲ.

ಹೋದ ಶನಿವಾರ ರಜೆ ಹಾಕಿ ನಿನ್ನ ಊರಿಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ, ಬಸ್ಸಿಳಿದು ನೇರ ಕಂಪನಿಗೆ ಹೋದೆ. ಹೋದದ್ದು ನಿನಗಾಗಿಯೇ. ಅವಳು ಮೊದಲೇ ಒಪ್ಪಿಕೊಂಡಿದ್ದಳು, ನಾನು ಆತುರಪಟ್ಟೆ, ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಮಾಲೀಕರಿಗೆ ಕೈಮುಗಿದು ಹೇಳಿದೆ. ಅವರು ಆ ಮಾತು ಮುಗಿಯಿತು ಎಂದುಬಿಟ್ಟರು. ಎದ್ದು ಹೊರಡುವಾಗ ನಿನ್ನ ಟೇಪಮ್ಮ ಒಂದು ಹಾಳೆ ತಂದು ನನ್ನ ಮುಂದೆ ಇಟ್ಟರು. ದಾಳಿಂಬೆ ಕೊಂಬೆಯ ಚಿತ್ರ, ಎರಡು ಕಡೆ ಅಂಚು ಕೂಡಿರಲಿಲ್ಲ. "ಇದನ್ನ ಸೇರಿಸೋಕಾಗುತ್ತಾ?" ಎಂದರು. ಬೇಡ ಎಂದು ಹೊರಡಬಹುದಿತ್ತು. ಕೂತೆ. ಕಿಟಕಿಯ ಪಕ್ಕದ ಮೇಜಿನಲ್ಲಿ. ಮುಕ್ಕಾಲು ಗಂಟೆ ಹಿಡಿಯಿತು. ಮೂರು ಜನ ಹಿಂದೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ಕೈಯನ್ನು ಯಾರಾದರೂ ನೋಡುತ್ತಿದ್ದದ್ದು ಅದೇ ಮೊದಲು.

ಆ ಜಾಗ ನನಗೆ ಕೊಡುತ್ತೇವೆ ಎಂದರು. ಡಿಸೈನರ್ ಎಂದೇ.

ಬೇಡ ಎಂದು ಬಂದೆ ಎಂದು ಬರೆಯಲು ಈ ಕಾಗದವನ್ನು ಎರಡು ಸಲ ಶುರು ಮಾಡಿ ಹರಿದೆ. ಬೇಡ ಎನ್ನಲಿಲ್ಲ, ಗೀಚಿ. ಹೌದು ಎಂದೆ.

ದೂರು ಬರೆಯುವಾಗಲೇ ಅತ್ತಿಗೆಯ ಮನಸ್ಸಿನಲ್ಲಿ ಇದು ಇತ್ತು ಎಂದು ನಿನಗೆ ಅನ್ನಿಸುತ್ತದೆ. ನನಗೂ ನಾಲ್ಕು ದಿನದಿಂದ ಅದೇ ಅನುಮಾನ. ಸುಮ್ಮನೆ ನ್ಯಾಯ ಕೇಳುವುದಾಗಿದ್ದರೆ ಕಾಗದ ಸಾಕಿತ್ತು, ಆರು ಟ್ರೇಸಿಂಗ್ ಹಾಳೆಗಳನ್ನು ಕ್ರಮವಾಗಿ ಜೋಡಿಸಿ ಇಟ್ಟದ್ದೇಕೆ? ಅದರಲ್ಲಿ ಗಟ್ಟಿಯಾದದ್ದನ್ನು ಮೊದಲಿಗೂ ಕೊನೆಗೂ ಇಟ್ಟಿದ್ದೆ. ಕೆಲಸಕ್ಕಾಗಿ ಅಲ್ಲ ಎಂದು ಆಣೆ ಮಾಡಲು ಹೋದರೆ ಬಾಯಿ ಬರುವುದಿಲ್ಲ. ನಿನ್ನ ಹತ್ತಿರ ಮಾತ್ರ ಇದನ್ನು ಹೇಳಲು ಸಾಧ್ಯ, ನಿಮ್ಮಣ್ಣನಿಗೆ ಕೆಲಸದ ವಿಷಯವನ್ನೇ ಇನ್ನೂ ಹೇಳಿಲ್ಲ.

ಅಕ್ಟೋಬರ್ ಒಂದರಿಂದ ಬರಬೇಕು. ನಿಮ್ಮಣ್ಣ ವರ್ಕ್‌ಶಾಪ್ ಬಿಟ್ಟು ಬರಲು ಆರು ತಿಂಗಳಾದರೂ ಬೇಕು, ಅಲ್ಲಿಯವರೆಗೆ ನಾನೊಬ್ಬಳೇ. ಆ ಊರಿನಲ್ಲಿ ನನಗೆ ಗೊತ್ತಿರುವ ಮನೆ ನಿನ್ನದೊಂದೇ. ಬಾಗಿಲು ತೆಗೆಯುವುದಿಲ್ಲ ಎಂದಾದರೆ ಈಗಲೇ ಬರೆದುಬಿಡು, ಬೇರೆ ಕೋಣೆ ಹುಡುಕಿಕೊಳ್ಳುತ್ತೇನೆ. ತೆಗೆಯುತ್ತೇನೆ ಎಂದು ಬರೆದರೆ ನಾನು ನಂಬಿಕೊಂಡು ಬರುತ್ತೇನೆ.

ಅತ್ತಿಗೆ